ಎಪ್ಪತ್ತೊಂದು ಅಡಿ

ಆಫೀಸಿನ ಬಾಗಿಲಲ್ಲಿ ಒಂದು ಗೋಣಿಚೀಲ ಹಾಸಿರುತ್ತದೆ. ಡ್ಯಾಮಿನ ನೀರಿನ ಕೆಲಸದವರು ಅದರ ಮೇಲೆ ನಿಂತೇ ಮಾತಾಡಬೇಕು. ಅದರಾಚೆ ಕಾಲಿಟ್ಟರೆ ನೆಲ ಕೆಸರಾಗುತ್ತದೆ. ನೆಲ ಒರೆಸುವವಳೂ ನೀರಿನ ಕೆಲಸದವರ ಸಾಲುಮನೆಯಿಂದಲೇ ಬರುತ್ತಾಳೆ. ಹಾಗಾಗಿ ಕೆಸರು ತರುವವರು, ಕೆಸರು ಒರೆಸುವವರು, ಕೆಸರಿಗಾಗಿ ಬೈಸಿಕೊಳ್ಳುವವರು ಎಲ್ಲ ಒಂದೇ ಓಣಿಯವರು. ಆಫೀಸಿಗೆ ಇದರಿಂದ ತುಂಬ ಅನುಕೂಲವಾಗಿದೆ.

ಹಗ್ಗದಕ್ಕ ಹದಿನೇಳು ವರ್ಷದಿಂದ ಆ ಚೀಲದ ಮೇಲೆ ನಿಂತು ಅಂಕಿ ಹೇಳುತ್ತಾ ಬಂದಿದ್ದಾಳೆ. ಅವಳಿಗಿಂತ ಮುಂಚೆ ಅವಳಪ್ಪ ಹೇಳುತ್ತಿದ್ದ. ಚೀಲ ಮಾತ್ರ ಆಗಾಗ ಬದಲಾಗಿದೆ.

ಜಲಾಶಯದ ಆಳ ನೋಡುವುದು ಅವಳ ಕೆಲಸ. ಹೊಳೆ ಬರುವಾಗ ಬರೀ ನೀರು ತರುವುದಿಲ್ಲ, ಮಣ್ಣನ್ನೂ ತರುತ್ತದೆ. ನೀರು ಊರಿಗೆ ಹೋಗುತ್ತದೆ, ಮಣ್ಣು ಇಲ್ಲೇ ಕೂರುತ್ತದೆ. ಹಾಗೆ ಕೂತದ್ದೇ ಹೂಳು. ಪ್ರತಿವರ್ಷ ಜಲಾಶಯ ತುಂಬಿದ ಮೇಲೆ ದೋಣಿಯಲ್ಲಿ ಹೋಗಿ, ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟು, ಗುಂಡು ನೆಲಕ್ಕೆ ತಾಗಿದಾಗ ಹಗ್ಗದ ಗುರುತು ನೋಡಿ ಕೂಗಬೇಕು. ದಿನಕ್ಕೆ ನಲವತ್ತು ಜಾಗ. ನಲವತ್ತು ಸಲ ಇಳಿಸಬೇಕು, ನಲವತ್ತು ಸಲ ಎಳೆಯಬೇಕು. ನೆಂದ ಹಗ್ಗ, ತುದಿಯಲ್ಲಿ ಎಂಟು ಕಿಲೋ ಸೀಸ. ಅಂಗೈ ಸುಲಿದು, ಗಟ್ಟಿಯಾಗಿ, ಮತ್ತೆ ಸುಲಿದು, ಈಗ ಅವಳು ಒಲೆ ಮೇಲಿನ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುತ್ತಾಳೆ. ಬಿಸಿ ಗೊತ್ತಾಗುವುದಿಲ್ಲ. ಆದರೆ ತೊಂಬತ್ತಡಿ ಕೆಳಗೆ ಗುಂಡಿಗೆ ತಾಗಿದ್ದು ಕಲ್ಲೋ, ಮರಳೋ, ಮರದ ಬೊಡ್ಡೆಯೋ ಅನ್ನುವುದು ಅದೇ ಅಂಗೈಗೆ ಗೊತ್ತಾಗುತ್ತದೆ.

ಹೂಳಿಗೆ ಎರಡು ನೆಲ. ಮೇಲಿನದು ಮೆತ್ತನೆಲ. ಹೊಸದಾಗಿ ಬಂದ ಮಣ್ಣು, ನೀರಾಗಿ ಕಲಸಿದ ಹಿಟ್ಟಿನ ಹಾಗೆ. ಅದರಡಿ ಗಟ್ಟಿನೆಲ. ಹಳೇ ಹೂಳು, ವರ್ಷಗಟ್ಟಲೆ ಅಮುಕಿಸಿಕೊಂಡು ಕಲ್ಲಾದದ್ದು. ಅಪ್ಪನ ಕಾಲದಲ್ಲಿ ಹಗ್ಗದ ತುದಿಗೆ ಚಪ್ಪಟೆ ಬಿಲ್ಲೆ ಇತ್ತು. ಅದು ಮೆತ್ತನೆಲದ ಮೇಲೇ ಕೂತುಬಿಡುತ್ತಿತ್ತು. ಮೂರು ವರ್ಷದ ಹಿಂದೆ ಆಫೀಸು ಬಿಲ್ಲೆ ಬಿಚ್ಚಿಸಿ ಚೂಪು ಗುಂಡು ಕಟ್ಟಿಸಿತು. ಅದು ಮೆತ್ತನೆಲವನ್ನು ಸೀಳಿಕೊಂಡು ಗಟ್ಟಿನೆಲದವರೆಗೂ ಹೋಗುತ್ತದೆ. ಆ ವರ್ಷ ಇಡೀ ಜಲಾಶಯ ಆಳವಾಯಿತು. ಒಂದು ಬುಟ್ಟಿ ಮಣ್ಣು ಎತ್ತದೆ ಹೂಳು ಕಡಿಮೆ ಮಾಡಿದ್ದಕ್ಕೆ ದೊಡ್ಡ ಸಾಹೇಬರಿಗೆ ಸನ್ಮಾನವಾಯಿತು.

ಅದೇ ವರ್ಷ ಅವಳ ಗಂಡ ಸತ್ತ.

ಅಣೆಕಟ್ಟಿನ ಬುಡದಲ್ಲಿ ಒಂದು ಗೇಟಿದೆ. ಅದನ್ನು ಎತ್ತಿದರೆ ಹೂಳು ನೀರಿನ ಜೊತೆ ಕೊಚ್ಚಿಕೊಂಡು ಹೋಗಬೇಕು. ಹೂಳು ಕಳಿಸಲೆಂದೇ ಇಟ್ಟ ಗೇಟು ಹೂಳಿನಲ್ಲೇ ಸಿಕ್ಕಿಕೊಂಡು ವರ್ಷಗಳಾಗಿವೆ. ಅದನ್ನು ಬಿಡಿಸಲು ಅಣೆಕಟ್ಟಿನೊಳಗೆ ಬಾವಿಯಂಥ ಒಂದು ಕಿಂಡಿ ಇದೆ. ಮೇಲಿಂದ ಏಣಿ ಇಳಿದು, ಸಲಿಕೆ ಬಾಂಡಲಿ ಹಿಡಿದು, ಗೇಟಿನ ಸುತ್ತಲಿನ ಕೆಸರು ತೆಗೆಯಬೇಕು. ಜಲಾಶಯದ ಕಡೆಯಿಂದ ಹೂಳು ನುಗ್ಗದಂತೆ ಅಡ್ಡಹಲಗೆಗಳಿವೆ. ಆ ಹಲಗೆಗಳು ತಡೆಯುವುದು ಎಂಟಡಿ ಹೂಳಿನ ಭಾರ. ಎಂಟಕ್ಕಿಂತ ಹೆಚ್ಚಿದ್ದರೆ ಬಾವಿಗೆ ಮನುಷ್ಯರನ್ನು ಇಳಿಸಕೂಡದು, ಯಂತ್ರ ತರಿಸಬೇಕು ಎಂದು ನಿಯಮದ ಪುಸ್ತಕದಲ್ಲಿ ಅಚ್ಚಾಗಿದೆ. ಆಫೀಸು ನಿಯಮ ಮುರಿಯುವುದಿಲ್ಲ. ಅಂಕಿ ಮುರಿಯುತ್ತದೆ.

ಹೊಸ ಗುಂಡಿನ ಮೊದಲ ದಿನ ಗೇಟಿನ ಮುಂದೆ ಹಗ್ಗ ಬಿಟ್ಟವಳು ಅವಳೇ. ಅಲ್ಲಿ ಡ್ಯಾಮಿನ ಮೂಲ ನೆಲ ತೊಂಬತ್ತಡಿಗೆ. ಎಪ್ಪತ್ತಾರರ ಹತ್ತಿರ ಹಗ್ಗ ಒಂದು ಚೂರು ಸಡಿಲವಾಯಿತು. ಹೊಸ ಗುಂಡಿನ ಹದ ಅವಳ ಕೈಗಿನ್ನೂ ಬಂದಿರಲಿಲ್ಲ. ಅಲೆ ಇರಬೇಕು ಎಂದುಕೊಂಡಳು. ಹಗ್ಗ ಮತ್ತೆ ಇಳಿದು ಎಂಬತ್ತೈದಕ್ಕೆ ನಿಂತಿತು. ಎಂಬತ್ತೈದು ಎಂದು ಕೂಗಿದಳು. ಗುಮಾಸ್ತ ‘ಹೂಳು ಐದಡಿ’ ಎಂದು ಬರೆದ. ಅವಳು ಸಹಿ ಹಾಕಿದಳು. ಮೂರನೇ ದಿನ ಗಂಡ ಬಾವಿಗಿಳಿದ. ಹಲಗೆ ಬಿಟ್ಟಿತು.

ಹೆಣ ತೆಗೆಯಲು ಒಂದು ದಿನ ಹಿಡಿಯಿತು. ತೊಳೆಯುವ ಕೆಲಸ ಅವಳದಾಯಿತು. ಮೈ ತೊಳೆದಳು, ಕಿವಿ ತೊಳೆದಳು. ಬಾಯಿಯ ಕೆಸರು ಮಾತ್ರ ಮುಗಿಯಲಿಲ್ಲ. ಬೆರಳು ಹಾಕಿ ಹಾಕಿ ತೆಗೆದಳು. ಆಮೇಲೆ ವಿಚಾರಣೆಯ ವರದಿ ಬಂತು. ‘ಮೃತನು ಏಣಿಯನ್ನು ಹಿಡಿದುಕೊಳ್ಳುವಲ್ಲಿ ಅಜಾಗರೂಕತೆ ತೋರಿದ್ದಾನೆ.’ ಏಣಿಯ ಕೆಳಗಿನ ಹನ್ನೆರಡು ಮೆಟ್ಟಿಲು ಆ ಹೊತ್ತಿಗೆ ಕೆಸರಿನೊಳಗಿದ್ದವು.

ಎಂಟನೇ ದಿನ ಅವಳು ಅಪ್ಪನ ಹಳೇ ಬಿಲ್ಲೆ ಹುಡುಕಿದಳು. ಅದು ಹಿತ್ತಿಲ ಬಾಗಿಲು ಹೊಡೆದುಕೊಳ್ಳದಂತೆ ಒತ್ತಾಗಿ ಬಿದ್ದಿತ್ತು. ದೋಣಿಯವನನ್ನು ಕರೆದುಕೊಂಡು ಹೋಗಿ ಗೇಟಿನ ಮುಂದೆ ಇಳಿಬಿಟ್ಟಳು. ಎಪ್ಪತ್ತಾರಕ್ಕೆ ನಿಂತಿತು. ಹದಿನಾಲ್ಕಡಿ ಹೂಳು. ಚೀಲದ ಮೇಲೆ ನಿಂತು ಹೇಳಿದಳು.

“ಈಗ ಹೇಳಿದ್ರೆ ನಾನೇನಮ್ಮ ಮಾಡ್ಲಿ?” ಎಂದ ಗುಮಾಸ್ತ. “ಕೆಳಗಿರೋ ಸಹಿ ಯಾರ್ದು? ನಂದಾ?”

ಸಹಿ ಅವಳದೇ. ಮೂರು ವರ್ಷ ಅವಳು ಅಂಕಿ ಬಿಟ್ಟು ಬೇರೆ ಮಾತು ಆ ಬಾಗಿಲಲ್ಲಿ ಆಡಲಿಲ್ಲ.

ಆ ಸಾವಿನ ಮೇಲೆ ಹೊಸ ಹಲಗೆ ಹಾಕಿ ಬಾವಿ ಮುಚ್ಚಿದ್ದರು. ಈ ವರ್ಷ ಮತ್ತೆ ಇಳಿಸುತ್ತಾರೆ, ಪಾಳಿ ಮೈದುನನದು.

ಮೈದುನನಿಗೆ ಇಪ್ಪತ್ತೊಂಬತ್ತು. ಅಣ್ಣ ಸತ್ತ ಮೇಲೂ ಅತ್ತಿಗೆಯ ಮನೆಯಲ್ಲೇ ಇದ್ದಾನೆ. ಬಾಯಿ ಮುಚ್ಚಿ ಕೂತದ್ದನ್ನು ಯಾರೂ ನೋಡಿಲ್ಲ. ಶುಕ್ರವಾರ ಮಧ್ಯಾಹ್ನ ಊಟಕ್ಕೆ ಬಂದವನೇ ಸುದ್ದಿ ಒದರಿದ.

“ಅತ್ತಿಗೆ, ಸೋಮವಾರ ಇಳೀತೀನಿ. ಮೇಸ್ತ್ರಿ ಹೆಸರು ಬರ್ಕೊಂಡ. ಈ ಸಲ ಇಳಿದೋರನ್ನೆಲ್ಲ ಕಾಯಂ ಮಾಡ್ತಾರಂತೆ.”

“ಎಲ್ಲಿ ಕಾಯಂ? ಬಾವೀಲಾ?”

“ನಿನ್ನ ನಾಲಿಗೆಗೆ ಹಗ್ಗ ಕಟ್ಟಿ ಬಿಟ್ರೆ ಗಟ್ಟಿನೆಲಾನೂ ಸೀಳ್ಕೊಂಡು ಹೋಗತ್ತೆ ನೋಡು.”

“ನಿಮ್ಮಣ್ಣನಿಗೂ ಕಾಯಂ ಅಂತಲೇ ಹೇಳಿದ್ರು.”

“ಅಣ್ಣನ ಮೈ ಭಾರ. ನಾನು ಏಣೀಲಿ ಕೋತಿ. ಹಲಗೆ ಕಿರ್ ಅನ್ನೋದ್ರೊಳಗೆ ಮೇಲಿರ್ತೀನಿ.”

“ಕಿರ್ ಅನ್ನಲ್ಲ ಅದು.”

“ಮತ್ತೆ?”

“ಏನೂ ಅನ್ನಲ್ಲ.”

ಅವನು ಇನ್ನೆರಡು ತುತ್ತು ಉಂಡ. ಆಮೇಲೆ, “ನೀನು ಎಂಟರೊಳಗೆ ಅಂತ ಅಳೆದುಬಿಡು ಅತ್ತಿಗೆ. ಉಳಿದದ್ದು ನಾನು ನೋಡ್ಕೋತೀನಿ,” ಎಂದ. ತಮಾಷೆಗೆ ಹೇಳಿದನೋ ನಿಜಕ್ಕೂ ಹೇಳಿದನೋ ಅವಳಿಗೆ ತಿಳಿಯಲಿಲ್ಲ. ಬಹುಶಃ ಅವನಿಗೂ ತಿಳಿದಿರಲಿಲ್ಲ.

ಅವತ್ತೇ ಮಧ್ಯಾಹ್ನದ ಮೇಲೆ ಅಳತೆಗೆ ಹೊರಟರು. ದೋಣಿಯಲ್ಲಿ ತಜ್ಞನೂ ಬಂದ. ಹೂಳು ಎಷ್ಟು ವರ್ಷಕ್ಕೆ ಎಷ್ಟು ತುಂಬುತ್ತದೆ ಎಂದು ಮೊದಲೇ ಹೇಳುವ ಲೆಕ್ಕ ಅವನ ಕಂಪ್ಯೂಟರಿನಲ್ಲಿದೆ. ಈ ಜಲಾಶಯಕ್ಕೆ ಇನ್ನೂ ನೂರು ವರ್ಷ ಆಯಸ್ಸು ಎಂದು ಆ ಲೆಕ್ಕ ಹೇಳಿತ್ತು. ಅದು ಪತ್ರಿಕೆಯಲ್ಲೂ ಬಂದಿತ್ತು. ಓಣಿಯವರು ಅವನಿಗೆ ನೂರ್ವರ್ಷ ಎಂದು ಹೆಸರಿಟ್ಟರು. ಒಳ್ಳೆಯ ಮನುಷ್ಯ. ಎಲ್ಲರನ್ನೂ ನೀವು ಎನ್ನುತ್ತಿದ್ದ. ದೋಣಿಯಲ್ಲಿ ತೇಲುವ ಜಾಕೆಟ್ಟು ಒಂದೇ ಇತ್ತು. ಈಜು ಬಾರದವರಿಗೆ ಕೊಡಬೇಕೆಂದು ನಿಯಮ. ದೋಣಿಯವನಿಗೆ ಈಜು ಬರುತ್ತಿತ್ತು, ಅವಳಿಗೂ ಬರುತ್ತಿತ್ತು. ಜಾಕೆಟ್ಟು ನಿಯಮದ ಪ್ರಕಾರವೇ ನೂರ್ವರ್ಷನ ಮೈಮೇಲಿತ್ತು.

ಗೇಟಿನ ಮುಂದೆ ದೋಣಿ ನಿಂತಿತು. ಅವಳು ಹಗ್ಗ ಬಿಟ್ಟಳು. ಮೂರು ವರ್ಷದಲ್ಲಿ ಚೂಪು ಗುಂಡೂ ಕೈಗೆ ಪಳಗಿತ್ತು. ಕೈ ಆ ಸಡಿಲಕ್ಕಾಗಿ ಕಾಯುತ್ತಿತ್ತು. ಬಂತು. ಹಗ್ಗ ಸಡಿಲವಾದ ಕ್ಷಣಕ್ಕೇ ಅದುಮಿ ಹಿಡಿದಳು.

“ಎಪ್ಪತ್ತೊಂದು. ಮೆತ್ತನೆಲ.”

“ಇನ್ನೂ ಇಳೀತಿದೆಯಲ್ಲಮ್ಮ,” ಎಂದ ನೂರ್ವರ್ಷ.

“ಇಳೀತಿದೆ. ಹೂಳಿನೊಳಗೆ ಇಳೀತಿದೆ.”

“ನಿಂತ ಮೇಲೆ ಹೇಳಿ.”

ಬಿಟ್ಟಳು. ನಿಂತಿತು. “ಎಂಬತ್ನಾಲ್ಕು.”

“ತೊಂಬತ್ತರಲ್ಲಿ ಎಂಬತ್ನಾಲ್ಕು. ಆರಡಿ. ಒಳ್ಳೇದು.” ಬರೆದುಕೊಂಡ.

“ಎಪ್ಪತ್ತೊಂದನ್ನೂ ಬರ್ಕೊಳ್ಳಿ ಸಾರ್. ಹತ್ತೊಂಬತ್ತಡಿ ಆಗತ್ತೆ.”

“ನಮೂನೇಲಿ ಒಂದೇ ಕಾಲಂ ಇದೆ ಅಮ್ಮ.”

ದೋಣಿಯವನು ಕೆಮ್ಮಿದ. ಅವಳು ದೋಣಿಯ ತಳದಲ್ಲಿದ್ದ ತಗಡಿನ ಡಬ್ಬಿ ತೆಗೆದಳು. ಮುಚ್ಚಳಕ್ಕೆ ಬೇರೆ ದಾರ ಕಟ್ಟಿದ ಡಬ್ಬಿ. ಕೆಳಗೆ ಹೋದ ಮೇಲೆ ದಾರ ಜಗ್ಗಿದರೆ ಬಾಯಿ ಬಿಟ್ಟು, ಅಲ್ಲಿರುವುದನ್ನು ತುಂಬಿಕೊಂಡು ಬರುತ್ತದೆ. ಎಪ್ಪತ್ನಾಲ್ಕಕ್ಕೆ ಬಿಟ್ಟು ಜಗ್ಗಿದಳು. ಮೇಲೆ ಬಂದಾಗ ಡಬ್ಬಿ ತುಂಬ ಬೂದು ಬಣ್ಣದ ಕೆಸರಿತ್ತು.

“ಇದು ಯಾಕೆ?” ಎಂದ ನೂರ್ವರ್ಷ.

“ಮನೆಗೆ,” ಎಂದಳು.

ಶನಿವಾರ ಬೆಳಿಗ್ಗೆ ಗುಮಾಸ್ತ ನಮೂನೆಯನ್ನು ಚೀಲದ ಪಕ್ಕದ ಸ್ಟೂಲಿನ ಮೇಲಿಟ್ಟ. ‘ಅಳೆದವರ ಸಹಿ’ ಎನ್ನುವ ಕಡೆ ಪೆನ್ಸಿಲಿನಿಂದ ಗುರುತು ಮಾಡಿದ್ದ. ಆ ಸಹಿ ಬಿದ್ದರೆ ಬಾವಿಗಿಳಿಯುವ ಅಪ್ಪಣೆ ಹೊರಡುತ್ತದೆ.

“ಹಾಕು.”

“ಹಾಕಲ್ಲ.”

ಗುಮಾಸ್ತನದು ಮೂವತ್ತು ವರ್ಷದ ಸರ್ವೀಸು. ಆ ಚೀಲದ ಮೇಲಿಂದ ಈ ಮಾತು ಬಂದದ್ದು ಇದೇ ಮೊದಲು.

“ಪೆನ್ನು ಬರೀತಿಲ್ವಾ?”

“ಪೆನ್ನು ಚೆನ್ನಾಗಿದೆ. ಅಂಕಿ ಚೆನ್ನಾಗಿಲ್ಲ.”

“ನಿಮ್ಮಪ್ಪ ಹೆಬ್ಬೆಟ್ಟೊತ್ತಿ ತೆಪ್ಪಗೆ ಹೋಗ್ತಿದ್ದ. ನಿಮಗೆಲ್ಲ ಅಕ್ಷರ ಕಲಿಸಿದ್ದೇ ತಪ್ಪಾಯ್ತು.”

“ಹತ್ತೊಂಬತ್ತು ಅಂತ ಬರೀರಿ. ಸಹೀನೂ ಹಾಕ್ತೀನಿ, ಹೆಬ್ಬೆಟ್ಟೂ ಒತ್ತುತೀನಿ.”

ಗಲಾಟೆ ಕೇಳಿ ನೂರ್ವರ್ಷ ತನ್ನ ಮೇಜಿನಿಂದಲೇ ಕತ್ತೆತ್ತಿದ. ಸಿಟ್ಟು ಮಾಡಿಕೊಳ್ಳಲಿಲ್ಲ. ತಿಳಿಸಿ ಹೇಳಿದ.

“ನೋಡಿ ಅಮ್ಮ, ಹತ್ತೊಂಬತ್ತು ಅಂತ ಬರೆದ್ರೆ ಜಲಾಶಯ ಖಾಲಿ ಮಾಡಿ ಯಂತ್ರ ಇಳಿಸ್ಬೇಕು. ಎರಡು ತಿಂಗಳು ಊರಿಗೆ ನೀರಿಲ್ಲ. ಇನ್ನು ಆ ಮೇಲಿನ ಹದಿಮೂರಡಿ, ಅದು ಇನ್ನೂ ಕೂತಿಲ್ಲ. ಕೂರದೇ ಇರೋದನ್ನ ಹೂಳು ಅನ್ನಕ್ಕಾಗಲ್ಲ. ಅದು ಒಂಥರಾ ದಪ್ಪ ನೀರು.”

“ದಪ್ಪ ನೀರು.”

“ಹೌದು. ನೀರೇ. ಸ್ವಲ್ಪ ದಪ್ಪ.”

ಅವಳು ಬಾಗಿಲಾಚೆ ಇಟ್ಟಿದ್ದ ಡಬ್ಬಿ ಎತ್ತಿಕೊಂಡಳು. ಚೀಲ ದಾಟಿದಳು. ನಡೆದು ಹೋಗಿ ನೂರ್ವರ್ಷನ ಮೇಜಿನ ಮುಂದೆ ನಿಂತಳು. ಅವನ ಕುಡಿಯುವ ಲೋಟ ತೆಗೆದುಕೊಂಡು, ಇದ್ದ ನೀರನ್ನು ಕಿಟಕಿಯಾಚೆ ಚೆಲ್ಲಿ, ಡಬ್ಬಿ ಬಗ್ಗಿಸಿದಳು. ಕೆಸರು ಬೀಳಲು ಸ್ವಲ್ಪ ಹೊತ್ತು ಹಿಡಿಯಿತು. ಲೋಟದ ಕಂಠದವರೆಗೂ ತುಂಬಿ ಅವನ ಮುಂದಿಟ್ಟಳು.

“ಕುಡೀರಿ.”

“ನೆಲ!” ಎಂದು ಕಿರುಚಿದ ಗುಮಾಸ್ತ. “ಏ, ನೆಲ ನೋಡು!”

“ಎಪ್ಪತ್ನಾಲ್ಕಡಿಯಿಂದ ತಂದದ್ದು ಸಾರ್. ನೀರೇ. ಸ್ವಲ್ಪ ದಪ್ಪ.”

“ಅಮ್ಮ, ಇದು ಕುಡಿಯೋ ನೀರಲ್ಲ.”

“ನನ್ನ ಗಂಡ ಕುಡಿದ. ಹೊಟ್ಟೆ ತುಂಬ ಕುಡಿದ. ನೀವು ಒಂದೇ ಲೋಟ ಕುಡೀರಿ ಸಾಕು. ಕುಡಿದ ಮೇಲೂ ನೀರು ಅಂದ್ರೆ ನಾನು ಸಹಿ ಹಾಕ್ತೀನಿ.”

ನೂರ್ವರ್ಷ ಲೋಟವನ್ನು ನೋಡಿದ. ತುಂಬ ಹೊತ್ತು ನೋಡಿದ. ಆಮೇಲೆ ಗುಮಾಸ್ತನ ಕಡೆ ತಿರುಗಿ, “ಇದಕ್ಕೆ ದಿನಾಂಕ ಬರೆದು ಒಂದು ಚೀಟಿ ಅಂಟಿಸಿ,” ಎಂದ. “ಪ್ರಯೋಗಾಲಯಕ್ಕೆ ಕಳಿಸೋಣ.”

ಅವಳು ಹೊರಗೆ ಬಂದಳು. ನೆಲ ಒರೆಸುವವಳು ಬಕೆಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. “ಇವತ್ತು ಒರೆಸಲ್ಲ ಕಣಕ್ಕ,” ಎಂದಳು. “ಒಣಗಲಿ.”

ಸಂಜೆಯೊಳಗೆ ಆ ಕಾಲಂ ಭರ್ತಿಯಾಯಿತು. ಅಳೆದವರ ಜಾಗದಲ್ಲಿ ನೂರ್ವರ್ಷನೇ ಸಹಿ ಹಾಕಿದ. ಅಲ್ಲಿ ಇಂಗ್ಲಿಷಿನಲ್ಲಿ ಸಹಿ ಬಿದ್ದದ್ದು ಅದೇ ಮೊದಲು. ಆರಡಿ. ಅಪ್ಪಣೆ ಹೊರಟಿತು. ಆರು ಜನರ ಹೆಸರಿತ್ತು. ಮೈದುನನದು ಮೊದಲನೆಯದು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಆರೂ ಜನ ಬಾವಿಯ ಹತ್ತಿರ ಬಂದರು. ಮೇಸ್ತ್ರಿ ಬಂದ. ಇಬ್ಬರು ಕಾವಲುಗಾರರು ಬಂದರು, ಇಸ್ತ್ರಿ ಮಾಡಿದ ಬಟ್ಟೆಯಲ್ಲಿ. ಬಾವಿಯ ಕಬ್ಬಿಣದ ಮುಚ್ಚಳದ ಮೇಲೆ ಹಗ್ಗದಕ್ಕ ಕೂತಿದ್ದಳು.

ಬರುವ ಮುಂಚೆ ಅವಳು ದಡದ ಹೂಳಿನಲ್ಲಿ ಕುತ್ತಿಗೆವರೆಗೆ ಹೊರಳಿದ್ದಳು. ಯೋಚಿಸಿಯೇ ಹೊರಳಿದ್ದಳು. ಸೀರೆ ಯಾವುದು, ಮೈ ಯಾವುದು ಎಂದು ತಿಳಿಯುತ್ತಿರಲಿಲ್ಲ. ತೊಟ್ಟಿಕ್ಕುತ್ತಿತ್ತು.

“ಏಳಮ್ಮ,” ಎಂದ ಮೇಸ್ತ್ರಿ.

ಏಳಲಿಲ್ಲ.

“ಎತ್ರೋ ಅವಳನ್ನ.”

ಕಾವಲುಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ತನ್ನ ಅಂಗಿಯ ತೋಳು ನೋಡಿಕೊಂಡ. “ಸಾರ್, ಬಟ್ಟೆ,” ಎಂದ ಇನ್ನೊಬ್ಬ.

ಮೇಸ್ತ್ರಿ ಆಫೀಸಿಗೆ ಫೋನು ಮಾಡಿದ. ಮೊದಲು ತೊಳೆದು ಆಮೇಲೆ ಎತ್ತಿ ಎಂದು ಅಲ್ಲಿಂದ ಆದೇಶ ಬಂತು. ಪೈಪು ತರಲು ಒಬ್ಬ ಓಡಿದ. ಪೈಪು ಬಂತು. ಇಪ್ಪತ್ತಡಿ ಗಿಡ್ಡವಿತ್ತು. ಇಡೀ ಊರಿನ ನೀರು ಹಿಡಿದಿಟ್ಟ ಕಟ್ಟೆಯ ಮೇಲೆ ಒಬ್ಬ ಹೆಂಗಸನ್ನು ತೊಳೆಯಲು ನೀರು ಸಾಲಲಿಲ್ಲ.

ಮೈದುನ ಮುಂದೆ ಬಂದ. ಸೊಂಟಕ್ಕೆ ಇಳಿಯುವ ಹಗ್ಗ ಕಟ್ಟಿಕೊಂಡಾಗಿತ್ತು. ಮುಖ ಕೆಂಪಾಗಿತ್ತು.

“ಅತ್ತಿಗೆ, ಎದ್ದೇಳು. ಎಲ್ಲರೂ ನೋಡ್ತಿದಾರೆ. ಮಾನ ತೆಗೀಬೇಡ.”

“ನೋಡ್ಲಿ.”

“ನಾನೇನು ಮಗೂನಾ? ನನ್ನ ಇಷ್ಟ. ನಾನು ಇಳೀತೀನಿ.”

“ಇಳಿ. ನನ್ನ ಎತ್ತಿ ಆ ಕಡೆ ಹಾಕಿ ಇಳಿ. ನಿನ್ನ ಬಟ್ಟೆ ಏನೂ ಇಸ್ತ್ರಿ ಆಗಿಲ್ಲ.”

ಅವನು ಬಗ್ಗಿದ. ಅವಳ ತೋಳಿಗೆ ಕೈ ಹಾಕಿದ.

“ಒಂದು ಮಾತು ಕೇಳಿ ಎತ್ತು,” ಎಂದಳು. ದನಿ ಏರಿಸಲಿಲ್ಲ. “ಎಪ್ಪತ್ತೊಂದಡಿ. ನಾನೇ ಕೈಯಾರೆ ನೋಡಿದೀನಿ. ಹೋದ ಸಲ ನನ್ನ ಕೈ ತಪ್ಪಿತು, ಸಹಿ ಹಾಕ್ದೆ. ನಿಮ್ಮಣ್ಣನ ಬಾಯಿಂದ ಕೆಸರು ತೆಗೆದೋಳು ನಾನು. ನಿನ್ನ ಬಾಯಿಂದ ತೆಗಿಯಲ್ಲ. ಈಗಲೇ ಹೇಳಿದೀನಿ, ಬೇರೆ ಯಾರನ್ನಾದ್ರೂ ಗೊತ್ತು ಮಾಡ್ಕೊ.”

ಅವನ ಕೈ ಅವಳ ತೋಳಿನ ಮೇಲೇ ಉಳಿಯಿತು. ಎತ್ತಲೂ ಇಲ್ಲ, ಬಿಡಲೂ ಇಲ್ಲ.

ಆರು ಜನರಲ್ಲಿ ಹಿರಿಯನೊಬ್ಬನಿದ್ದ. ಮೂರು ವರ್ಷದ ಹಿಂದೆ ಬಾವಿಯಿಂದ ಜೀವಂತ ಹತ್ತಿ ಬಂದವರಲ್ಲಿ ಒಬ್ಬ. ಅವನು ಸಲಿಕೆ ಕೆಳಗಿಟ್ಟ. ಹೋಗಿ ಮುಚ್ಚಳದ ಅಂಚಿನಲ್ಲಿ, ಕೆಸರಿನ ಪಕ್ಕದಲ್ಲೇ ಕೂತ. “ಕಾಲು ನೋಯ್ತಿದೆ,” ಎಂದು ಮೇಸ್ತ್ರಿಗೆ ಹೇಳಿದ. ಇನ್ನೊಬ್ಬನಿಗೂ ಕಾಲು ನೋಯಲು ಶುರುವಾಯಿತು. ಐದೂ ಜನರ ಕಾಲು ಒಟ್ಟಿಗೆ ನೋಯಿತು. ಮುಚ್ಚಳದ ಮೇಲೆ ಜಾಗ ಉಳಿಯಲಿಲ್ಲ.

“ಎಲ್ಲರ ಹೆಸರೂ ಹೊಡೀತೀನಿ,” ಎಂದ ಮೇಸ್ತ್ರಿ.

“ಹೊಡೀರಿ,” ಎಂದ ಹಿರಿಯ. “ಹೆಸರು ತಾನೇ.”

ಮೈದುನ ಒಬ್ಬನೇ ನಿಂತಿದ್ದ. ಬಿಸಿಲು ಏರಿತು. ಅವಳ ಮೈಮೇಲಿನ ಕೆಸರು ಒಣಗಿ ಬಿರುಕು ಬಿಡತೊಡಗಿತು. ಅವನು ಸೊಂಟದ ಗಂಟಿಗೆ ಕೈ ಹಾಕಿದ. ಬಿಗಿದಿತ್ತು, ಬೇಗ ಬಿಚ್ಚಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದ. ಬಿಚ್ಚಿ, ಹಗ್ಗವನ್ನು ಮೇಸ್ತ್ರಿಯ ಕಾಲಬುಡದಲ್ಲಿ ಎಸೆದ. ಅತ್ತಿಗೆಯ ಮುಖ ನೋಡದೆ ಮನೆ ಕಡೆ ನಡೆದ.

ವಾರದೊಳಗೆ ಏಳು ಜನರಿಗೂ ಕೆಲಸದಿಂದ ತೆಗೆದ ನೋಟೀಸು ಬಂತು. ಆರು ಜನರದ್ದು ಕೆಲಸಕ್ಕೆ ಅಸಹಕಾರ. ಅವಳದ್ದು ಕಚೇರಿಯ ಲೋಟವನ್ನು ಅನ್ಯ ಉದ್ದೇಶಕ್ಕೆ ಬಳಸಿದ್ದು. ಆಫೀಸು ಬೇರೆ ಕಡೆಯಿಂದ ಜನ ಕರೆಸಿತು. ಅವರು ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಚಹಾ ಕುಡಿಯುವಾಗ ಓಣಿಯವರು ಎದುರಿಗೆ ಕೂತು ಎಪ್ಪತ್ತೊಂದು ಎಂದರೆ ಏನು ಅಂತ ತಿಳಿಸಿದರು. ಚಹಾ ಮುಗಿಸಿ ಅವರು ಅದೇ ಬಸ್ಸಿಗೆ ಹತ್ತಿದರು. ಎರಡನೇ ತಂಡವೂ ಹಾಗೇ ಹತ್ತಿತು. ಬಾವಿಗೆ ಯಾರೂ ಇಳಿಯಲಿಲ್ಲ.

ಹಗ್ಗದ ಬದಲು ಈಗ ಯಂತ್ರ ಬಂದಿದೆ. ದೋಣಿಗೆ ಕಟ್ಟಿದರೆ ನೀರಿನೊಳಗೆ ಸದ್ದು ಕಳಿಸಿ ಆಳ ಹೇಳುತ್ತದಂತೆ. ಪರದೆಯ ಮೇಲೆ ಒಂದಲ್ಲ, ಎರಡು ಗೆರೆ ಮೂಡುತ್ತವೆ ಎಂದು ದೋಣಿಯವನು ಹೇಳಿದ. ಮೇಲೊಂದು, ಕೆಳಗೊಂದು. ನೂರ್ವರ್ಷ ತುಂಬ ಹೊತ್ತು ಎರಡನ್ನೂ ನೋಡುತ್ತಾ ಕೂರುತ್ತಾನಂತೆ. ಆಮೇಲೆ ಒಂದು ಬಟನ್ ಒತ್ತುತ್ತಾನಂತೆ. ಮೇಲಿನ ಗೆರೆ ಹೋಗುತ್ತದಂತೆ.

ಮೈದುನ ಈಗ ಲಾರಿಗೆ ಜಲ್ಲಿ ತುಂಬುತ್ತಾನೆ. ಅವಳೂ ಅಲ್ಲೇ ಬುಟ್ಟಿ ಹೊರುತ್ತಾಳೆ. ತಿಂಗಳಾದರೂ ಅವನ ಸಿಟ್ಟು ಇಳಿದಿಲ್ಲ. ತಟ್ಟೆಯ ಮುಂದೆ ಕೂತರೆ ಸಾಕು, ಶುರು.

“ಕಾಯಂ ಆಗ್ತಿದ್ದೆ. ಕಾಯಂ! ನಿನ್ನ ದೆಸೆಯಿಂದ ಕಲ್ಲು ಹೊರ್ತಿದೀನಿ. ಹೆಣ್ಣು ಕೊಡ್ತೀನಿ ಅಂದೋರೂ ಹಿಂದೆ ಸರಿದ್ರು. ಓಣೀಲಿ ಎಲ್ಲ ನನ್ನ ಅತ್ತಿಗೆ ಸೆರಗಿನೋನು ಅಂತಾರೆ. ಯಾರು ಹೇಳಿದ್ರು ನಿನಗೆ ಮುಚ್ಚಳದ ಮೇಲೆ ಕೂರು ಅಂತ? ನಾನು ಕೇಳಿದ್ನಾ? ಸಾಯೋದಿದ್ರೆ ಸಾಯ್ತಿದ್ದೆ, ನಿಂಗೇನು ಹೋಗ್ತಿತ್ತು? ಜನ್ಮದಲ್ಲಿ ನಿನ್ನ ಕ್ಷಮಿಸಲ್ಲ. ಕೇಳಿಸ್ತಾ?”

“ಇಲ್ಲ,” ಎಂದಳು ಅವಳು. ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. “ಇನ್ನೊಂದ್ಸಲ ಹೇಳು.”

ಅವನು ಮೊದಲಿನಿಂದ ಶುರುಮಾಡಿದ.